ಛತ್ರದ ಹಜಾರದಿಂದ ಲಾಡ್ಜಿನ ಡಬಲ್ ರೂಮಿಗೆ: ಮನೆಮಂದಿಯೆಲ್ಲ ಪೇಟೆಗೆ ಹೋದರೆ ಎಲ್ಲಿ ಮಲಗುವುದು?

ದಸರಾ ಹತ್ತಿರ ಬಂದರೆ ನಮ್ಮ ಕಡೆಯ ಊರುಗಳಲ್ಲಿ ಒಂದು ಲೆಕ್ಕ ಶುರುವಾಗುತ್ತದೆ. ಅಜ್ಜಿ, ಅಪ್ಪ ಅಮ್ಮ, ದೊಡ್ಡಪ್ಪ ದೊಡ್ಡಮ್ಮ, ಅಣ್ಣ ಅತ್ತಿಗೆ, ಅಕ್ಕ ಭಾವ, ಮದುವೆ ಆಗದ ತಮ್ಮ, ತಂಗಿ. ಒಟ್ಟು ಹನ್ನೊಂದು ಜನ. ಎಲ್ಲರೂ ದೊಡ್ಡವರೇ. ಟಿ.ಟಿ. ಗಾಡಿ ಸಿಗುತ್ತದೆ, ಊಟಕ್ಕೆ ಬುತ್ತಿ ಕಟ್ಟಿಕೊಳ್ಳಬಹುದು. ಆದರೆ ರಾತ್ರಿ ಎಲ್ಲಿ ಮಲಗುವುದು?

ಲಾಡ್ಜಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆ, 'ಎಷ್ಟು ರೂಮು ಬೇಕು?' ಒಂದು ರೂಮಿಗೆ ಇಬ್ಬರು, ಹೆಚ್ಚೆಂದರೆ ಮೂವರು. ನಾಲ್ಕು ಜೋಡಿಗೆ ನಾಲ್ಕು ರೂಮು, ಅಜ್ಜಿ ಮತ್ತು ತಂಗಿಗೆ ಒಂದು, ತಮ್ಮನಿಗೆ ಒಂದು. ದಿನಕ್ಕೆ ರೂಮಿಗೆ 1,500 ರೂಪಾಯಿ ಎಂದು ಹಿಡಿದರೂ ಎರಡು ರಾತ್ರಿಗೆ 18,000 ಆಯಿತು. ಇಷ್ಟು ಕೊಟ್ಟಮೇಲೂ ಮನೆಯವರು ಒಂದು ಕಡೆ ಇರುವುದಿಲ್ಲ. ಇಬ್ಬರು ಒಂದನೇ ಮಹಡಿ, ನಾಲ್ವರು ಮೂರನೇ ಮಹಡಿ. ಅಜ್ಜಿಗೆ ರಾತ್ರಿ ಮಾತ್ರೆ ಕೊಡಬೇಕಾದವರು ಎಲ್ಲೋ.

ನಮ್ಮ ತಾತ ಮುತ್ತಾತಂದಿರು ಹೀಗೆ ಲೆಕ್ಕ ಹಾಕುತ್ತಿರಲಿಲ್ಲ. ಅವರು ಪೇಟೆಗೆ ಹೋದಾಗ ಕೇಳುತ್ತಿದ್ದದ್ದು 'ಛತ್ರ ಎಲ್ಲಿದೆ?' ಎಂದು. ಈಗ ನಾವು ಛತ್ರ ಎಂದರೆ ಮದುವೆ ಮನೆ. 'ಛತ್ರ ಬುಕ್ ಆಯ್ತಾ?' ಎಂದು ಯಾರಾದರೂ ಕೇಳಿದರೆ ಮದುವೆ ನಿಶ್ಚಯ ಆಗಿದೆ ಎಂದೇ ಅರ್ಥ. ದಾರಿಹೋಕರು ತಂಗುವ ಜಾಗಕ್ಕೆ ಇದ್ದ ಹೆಸರು ಮದುವೆ ಹಾಲಿಗೆ ಹೋಗಿ ಸೇರಿದ್ದು ಹೇಗೆ? ಅದನ್ನು ಹುಡುಕಿದರೆ ಇವತ್ತು ಲಾಡ್ಜಿನ ಮುಂದೆ ನಾವು ಪಡುವ ಪಾಡಿಗೂ ಕಾರಣ ಸಿಗುತ್ತದೆ.

ಛತ್ರ ಅಂದರೆ ಏನಿತ್ತು?

ಸತ್ರ, ಛತ್ರ, ಧರ್ಮಶಾಲೆ, ಮುಸಾಫಿರಖಾನೆ. ಹೆಸರು ಬೇರೆ ಬೇರೆ, ಕೆಲಸ ಒಂದೇ. ನಮ್ಮ ಹಳೆಯ ಶಾಸನಗಳಲ್ಲಿ ಸತ್ರಕ್ಕೆ ಭೂಮಿ ಬಿಟ್ಟ, ಅರವಟಿಗೆ ಇಡಿಸಿದ ದಾನಗಳ ಮಾತು ಬರುತ್ತದೆ. ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ಸಾಲು ಮರ ನೆಡಿಸುವುದು, ಸತ್ರ ಕಟ್ಟಿಸುವುದು ಇವೆಲ್ಲ ಪುಣ್ಯದ ಕೆಲಸದ ಒಂದೇ ಪಟ್ಟಿಯಲ್ಲಿದ್ದವು.

ಕಟ್ಟಡದ ಲಕ್ಷಣವನ್ನು ಗಮನಿಸಿ. ಮುಂದೆ ಜಗಲಿ, ಒಳಗೆ ಉದ್ದದ ಹಜಾರ, ನಡುವೆ ತೊಟ್ಟಿ, ಹಿಂದೆ ಬಾವಿ, ಒಲೆ ಹೂಡಲು ಜಾಗ. ಒಂದಷ್ಟು ಕೋಣೆ ಇದ್ದರೂ ಅವು ಸಾಮಾನು ಇಡಲು, ಬಾಣಂತಿಯೋ ಕಾಯಿಲೆಯವರೋ ಬಂದರೆ ಮಲಗಲು. ಉಳಿದವರೆಲ್ಲ ಹಜಾರದಲ್ಲಿ ಚಾಪೆ ಹಾಸುತ್ತಿದ್ದರು. ಗಂಡಸರು ಜಗಲಿಗೆ, ಹೆಂಗಸರು ಒಳಗೆ. ಸೌದೆ, ಅಕ್ಕಿ ತಂದುಕೊಂಡರೆ ಅಲ್ಲೇ ಅಡುಗೆ. ಸಾಮಾನ್ಯವಾಗಿ ಮೂರು ದಿನ ಇರಲು ಅಡ್ಡಿ ಇರಲಿಲ್ಲ. ಇದು ಇಬ್ಬರಿಗೆಂದು ಕಟ್ಟಿದ ಕಟ್ಟಡವಲ್ಲ, ಗುಂಪಿಗೆಂದು ಕಟ್ಟಿದ್ದು. ಹಳ್ಳಿಯವರು ಯಾತ್ರೆಗೆ, ಜಾತ್ರೆಗೆ ಗುಂಪಾಗಿಯೇ ಹೋಗುತ್ತಿದ್ದುದರಿಂದ ಕಟ್ಟಡವೂ ಹಾಗೇ ಇತ್ತು.

ರೈಲು ಬಂತು, ಜನ ಬಂದರು

ಬೆಂಗಳೂರು ದಂಡಿಗೆ 1864ರಲ್ಲಿ ಮದ್ರಾಸಿನ ಕಡೆಯಿಂದ ರೈಲು ಬಂತು. ಬೆಂಗಳೂರಿನಿಂದ ಮೈಸೂರಿನವರೆಗೆ ಮೀಟರ್ ಗೇಜ್ ಹಳಿ 1882ರಲ್ಲಿ ಮುಗಿಯಿತು. 1876ರಿಂದ 1878ರವರೆಗಿನ ದೊಡ್ಡ ಬರದ ಕಾಲದಲ್ಲಿ ಬರ ಪರಿಹಾರದ ಕೂಲಿ ಕೆಲಸವಾಗಿ ಈ ಹಳಿಯ ಮಣ್ಣಿನ ಕೆಲಸ ನಡೆದಿತ್ತು. ಹಸಿದವರು ಹೊತ್ತ ಮಣ್ಣಿನ ಮೇಲೆ ಓಡಿದ ರೈಲು, ಕೆಲವೇ ವರ್ಷಗಳಲ್ಲಿ ಹಳ್ಳಿ ಜನರನ್ನು ಪೇಟೆಗೆ ತಂದು ಇಳಿಸತೊಡಗಿತು.

ಗಾಡಿ ಕಟ್ಟಿಕೊಂಡು ಬರುವವರಿಗೆ ಗಾಡಿಯೇ ಮನೆ. ಎತ್ತು ಬಿಚ್ಚಿ, ಗಾಡಿಯ ಅಡಿಯಲ್ಲಿ ಮಲಗಿದರೂ ಆಯಿತು. ರೈಲಿನಲ್ಲಿ ಬಂದವರಿಗೆ ಆ ಅನುಕೂಲ ಇಲ್ಲ. ಕೈಯಲ್ಲಿ ಗಂಟು, ಸುತ್ತ ಗೊತ್ತಿಲ್ಲದ ಊರು. ಆದ್ದರಿಂದ ಹೊಸ ಛತ್ರಗಳು ಸ್ಟೇಷನ್ನಿನ ಹತ್ತಿರ ಬೇಕಾದವು.

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ಸು ಇಳಿದು ಓಡಾಡಿದವರು ಗುಬ್ಬಿ ತೋಟದಪ್ಪ ರಸ್ತೆ ಎಂಬ ಬೋರ್ಡು ನೋಡಿರುತ್ತೀರಿ. ತೋಟದಪ್ಪನವರು ತುಮಕೂರು ಜಿಲ್ಲೆಯ ಗುಬ್ಬಿಯ ಮೂಲದವರು, ಬೆಂಗಳೂರು ಪೇಟೆಯಲ್ಲಿ ವ್ಯಾಪಾರ ಮಾಡಿ ಗಳಿಸಿದವರು. ರೈಲ್ವೆ ಸ್ಟೇಷನ್ನಿನ ಎದುರಿಗೇ 1897ರಲ್ಲಿ ಜಾಗ ಕೊಂಡು ಧರ್ಮಛತ್ರಕ್ಕೆ ಕೈ ಹಾಕಿದರು. 1903ರಲ್ಲಿ ಛತ್ರ ತೆರೆಯಿತು. ಆಮೇಲೆ ಹಳ್ಳಿಯಿಂದ ಓದಲು ಬರುವ ಹುಡುಗರಿಗೆ ಹಾಸ್ಟೆಲ್ ಕೂಡ ನಡೆಯಿತು. 1910ರಲ್ಲಿ ತೋಟದಪ್ಪನವರು ತೀರಿಕೊಂಡರು. ಅವರ ಹೆಸರು ಇವತ್ತಿಗೂ ಆ ಜಾಗದಲ್ಲಿದೆ.

ಮೈಸೂರಿನಲ್ಲೂ ಇದೇ ಕಥೆ. 1892ರಲ್ಲಿ ಪ್ರಾಣಿ ಸಂಗ್ರಹಾಲಯ ಆಯಿತು. 1897ರಲ್ಲಿ ಹಳೆಯ ಅರಮನೆ ಸುಟ್ಟ ಮೇಲೆ 1912ರ ಹೊತ್ತಿಗೆ ಈಗಿನ ಅರಮನೆ ಎದ್ದು ನಿಂತಿತು. ದಸರಾ ವಸ್ತು ಪ್ರದರ್ಶನವೂ ಶುರುವಾಯಿತು. ಆಮೇಲೆ ಕನ್ನಂಬಾಡಿ, ಅದರ ಕೆಳಗೆ ಬೃಂದಾವನ. ದೇವರಿಗೆಂದು ಹೊರಡುತ್ತಿದ್ದ ಹಳ್ಳಿ ಮನೆಯವರು ಈಗ 'ನೋಡಿಕೊಂಡು ಬರೋಣ' ಎಂದೂ ಹೊರಡತೊಡಗಿದರು. ಪೇಟೆಯ ಪ್ರವಾಸ ಎಂಬುದು ನಮ್ಮ ಮನೆಗಳಿಗೆ ಬಂದದ್ದು ಹೀಗೆ. ಅಂಥವರು ಇಳಿದುಕೊಳ್ಳಲು ಇದ್ದ ಜಾಗಗಳಲ್ಲಿ ನಂಜರಾಜ ಬಹದ್ದೂರ್ ಛತ್ರವೂ ಒಂದು. ಈಗ ಅದರ ಆವರಣದಲ್ಲಿ ಮೇಳಗಳು, ಮಾರಾಟದ ಪ್ರದರ್ಶನಗಳು ನಡೆಯುತ್ತವೆ. ಹೆಸರು ಮಾತ್ರ ಛತ್ರ ಎಂದೇ ಉಳಿದಿದೆ.

ಬಾಗಿಲಲ್ಲಿ ಕೇಳುತ್ತಿದ್ದ ಪ್ರಶ್ನೆ

ಇಷ್ಟು ಓದಿದವರಿಗೆ ಹಳೆಯ ಕಾಲವೇ ಚೆನ್ನಾಗಿತ್ತು ಅನ್ನಿಸಬಹುದು. ಅಲ್ಲೇ ನಿಲ್ಲಬೇಕು. ಛತ್ರದ ಬಾಗಿಲಲ್ಲಿ ದುಡ್ಡು ಕೇಳುತ್ತಿರಲಿಲ್ಲ, ನಿಜ. ಆದರೆ ಇನ್ನೊಂದನ್ನು ಕೇಳುತ್ತಿದ್ದರು. 'ನೀವು ಯಾವ ಜನ?'

ಎಷ್ಟೋ ಛತ್ರಗಳು ಒಂದೊಂದು ಜಾತಿಯವರಿಗೆಂದೇ ಕಟ್ಟಿದವು. ಎಲ್ಲರಿಗೂ ಎಂದು ಹೇಳುವ ಕಡೆಯೂ ಅಡುಗೆ ಮನೆ, ಊಟದ ಪಂಕ್ತಿ, ಬಾವಿ ಬೇರೆ ಬೇರೆ. ಕಾಫಿ ಕ್ಲಬ್ಬು, ಹೋಟೆಲುಗಳಲ್ಲೂ ಒಳಗಿನ ಸಾಲು ಒಬ್ಬರಿಗೆ, ಹೊರಗಿನ ಸಾಲು ಇನ್ನೊಬ್ಬರಿಗೆ. ದಲಿತ ಮನೆಯವರಿಗಂತೂ ಎಷ್ಟೋ ಕಡೆ ಜಗಲಿಯೂ ಇಲ್ಲ. ಅವರು ಮರದ ಕೆಳಗೆ, ಊರ ಹೊರಗೆ, ತಮ್ಮವರ ಕೇರಿ ಇದ್ದರೆ ಅಲ್ಲಿ ರಾತ್ರಿ ಕಳೆಯಬೇಕಿತ್ತು.

ಇದಕ್ಕೆ ದೊಡ್ಡ ಸಾಕ್ಷಿ ಸ್ವತಃ ಡಾ. ಬಿ.ಆರ್. ಅಂಬೇಡ್ಕರ್. 'ವೇಟಿಂಗ್ ಫಾರ್ ಎ ವೀಸಾ' ಎಂಬ ಸಣ್ಣ ಆತ್ಮಕಥನದಲ್ಲಿ ಅವರು ತಮಗೆ ಆದದ್ದನ್ನು ಬರೆದಿಟ್ಟಿದ್ದಾರೆ. 1917ರಲ್ಲಿ ಅಮೆರಿಕ, ಲಂಡನ್‌ಗಳಲ್ಲಿ ಓದಿ ಬಂದು ಬರೋಡ ಸಂಸ್ಥಾನದ ಕೆಲಸಕ್ಕೆ ಸೇರಲು ಹೊರಟರು. ಕೆಲಸ ಇತ್ತು, ಮಹಾರಾಜರ ಬೆಂಬಲ ಇತ್ತು. ತಂಗಲು ಮಾತ್ರ ಜಾಗ ಇಲ್ಲ. ಹಿಂದೂ ಹೋಟೆಲುಗಳು ಒಳಗೆ ಬಿಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕೊನೆಗೆ ಪಾರ್ಸಿಗಳ ಒಂದು ವಸತಿಗೃಹಕ್ಕೆ ಹೋದರು. ಪಾರ್ಸಿ ಅಲ್ಲದವರಿಗೆ ಅಲ್ಲಿ ಜಾಗ ಇಲ್ಲ. ನೋಡಿಕೊಳ್ಳುವವನ ಜೊತೆ ಮಾತಾಗಿ, ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿಯಂತೆ ಉಳಿದರು. ಹನ್ನೊಂದನೇ ದಿನ ಬೆಳಿಗ್ಗೆ ಹತ್ತಾರು ಜನ ಪಾರ್ಸಿಗಳು ದೊಣ್ಣೆ ಹಿಡಿದು ಬಂದರು. ಸಂಜೆಯೊಳಗೆ ಖಾಲಿ ಮಾಡಬೇಕೆಂದರು. ಇಬ್ಬರು ಸ್ನೇಹಿತರನ್ನು ಕೇಳಿದರೂ ಮನೆಯಲ್ಲಿ ಇಟ್ಟುಕೊಳ್ಳಲು ಅವರಿಂದ ಆಗಲಿಲ್ಲ. ಅವತ್ತು ಪಾರ್ಕಿನಲ್ಲಿ ಕುಳಿತು ಹೊತ್ತು ಕಳೆದು, ರಾತ್ರಿ ರೈಲಿಗೆ ಬೊಂಬಾಯಿಗೆ ಹೊರಟುಹೋದರು.

ಅದೇ ಬರಹದಲ್ಲಿ ಒಂದು ಪ್ರವಾಸದ ಕಥೆಯೂ ಇದೆ. 1934ರಲ್ಲಿ ಅಂಬೇಡ್ಕರ್ ಮತ್ತು ಅವರ ಜೊತೆ ಕೆಲಸ ಮಾಡುತ್ತಿದ್ದವರು, ಸುಮಾರು 30 ಜನ, ಎಲ್ಲೋರದ ಗುಹೆ ನೋಡಲು ನಾಸಿಕದಿಂದ ಔರಂಗಾಬಾದಿನ ಕಡೆ ಹೊರಟರು. ಅದು ಹೈದರಾಬಾದ್ ನಿಜಾಮರ ಸೀಮೆ. ನಮ್ಮ ಬೀದರ್, ಕಲಬುರಗಿ, ರಾಯಚೂರುಗಳೂ ಆಗ ಅದೇ ಸಂಸ್ಥಾನದಲ್ಲಿದ್ದವು. ದಾರಿಯಲ್ಲಿ ಅವಮಾನ ಆಗಬಾರದೆಂದು ತಾವು ಯಾರೆಂದು ಹೇಳಿಕೊಳ್ಳದೆ ಹೋಗುವುದೆಂದು ತೀರ್ಮಾನಿಸಿದ್ದರು. ಇಳಿದುಕೊಳ್ಳುವ ಊರುಗಳಲ್ಲಿ ತಮ್ಮವರಿಗೆ ಮಾತ್ರ ಸುದ್ದಿ ಕೊಟ್ಟಿದ್ದರು. ದೌಲತಾಬಾದಿನ ಕೋಟೆ ಬಾಗಿಲ ಹತ್ತಿರ ಕೊಳದ ನೀರಿನಲ್ಲಿ ಕೈಮುಖ ತೊಳೆದದ್ದೇ ತಪ್ಪಾಯಿತು. ನೀರು ಮೈಲಿಗೆ ಮಾಡಿದರೆಂದು ಜನ ಕೂಡಿ ಬೈದರು. ಕೊನೆಗೆ ಕೋಟೆ ನೋಡಲು ಬಿಟ್ಟರು. ಆದರೆ ಒಳಗೆ ಎಲ್ಲಿಯೂ ನೀರು ಮುಟ್ಟಬಾರದೆಂದು ಆಯುಧ ಹಿಡಿದ ಕಾವಲಿನವನನ್ನು ಜೊತೆಗೆ ಕಳಿಸಿದರು.

ರಜೆಗೆಂದು ಹೊರಟ ಮೂವತ್ತು ಜನ ದೊಡ್ಡವರ ಗುಂಪು, ಗಾಡಿ ಬಾಡಿಗೆಯ ಲೆಕ್ಕದ ಜೊತೆಗೆ ಎಲ್ಲಿ ಹೆಸರು ಹೇಳಬೇಕು, ಎಲ್ಲಿ ಹೇಳಬಾರದು ಎಂಬ ಲೆಕ್ಕವನ್ನೂ ಹಾಕಬೇಕಿತ್ತು.

ಕಾನೂನು ಬದಲಿಸಿದ್ದೇನು

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯಲ್ಲಿ ಹೋಟೆಲಿನ ಮಾತು ನೇರವಾಗಿಯೇ ಇದೆ. ಅಂಗಡಿ, ಊಟದ ಹೋಟೆಲು, ವಸತಿಯ ಹೋಟೆಲು, ಮನರಂಜನೆಯ ಜಾಗ ಇವುಗಳ ಒಳಗೆ ಹೋಗಲು ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ. 17ನೇ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿತು. ಆಮೇಲೆ 1955ರಲ್ಲಿ ಅಸ್ಪೃಶ್ಯತೆಯ ಅಪರಾಧಗಳ ಕಾಯ್ದೆ ಬಂತು. ಅದರಲ್ಲಿ ಹೋಟೆಲಿನ ಜೊತೆಗೆ ಧರ್ಮಶಾಲೆ, ಸರಾಯ್, ಮುಸಾಫಿರಖಾನೆ ಎಂಬ ಹೆಸರುಗಳನ್ನೂ ಸೇರಿಸಿದರು. ಅಲ್ಲಿನ ಪಾತ್ರೆ ಪಡಗ ಬಳಸಲು ಅಡ್ಡಿ ಮಾಡುವುದೂ ಅಪರಾಧ ಎಂದಾಯಿತು. 1976ರಲ್ಲಿ ಈ ಕಾಯ್ದೆಗೆ ತಿದ್ದುಪಡಿಯಾಗಿ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಎಂದು ಹೆಸರು ಬದಲಾಯಿತು.

ಧರ್ಮಶಾಲೆಯ ಹೆಸರು ಕಾನೂನಿನಲ್ಲಿ ಬಂದದ್ದು ಸುಮ್ಮನೆ ಅಲ್ಲ. ಬಡವರು ತಂಗುತ್ತಿದ್ದದ್ದು ಅಲ್ಲಿ, ತಡೆಯುತ್ತಿದ್ದದ್ದೂ ಅಲ್ಲಿಯೇ.

ಲಾಡ್ಜಿನ ರೂಮು ಇಬ್ಬರಿಗೇ ಏಕೆ?

ಛತ್ರದ ಪಕ್ಕದಲ್ಲೇ ಇನ್ನೊಂದು ಬಗೆಯ ವಸತಿ ಬೆಳೆಯುತ್ತಿತ್ತು. ಬ್ರಿಟಿಷ್ ಅಧಿಕಾರಿಗಳು ಸುತ್ತಾಡುವಾಗ ಉಳಿಯಲು ಬಂಗಲೆಗಳು. ನಾವು ಇವತ್ತೂ ಟಿ.ಬಿ., ಐ.ಬಿ. ಎನ್ನುತ್ತೇವೆ. ಎಷ್ಟೋ ತಾಲ್ಲೂಕು ಪೇಟೆಗಳಲ್ಲಿ ಊರ ಹೊರಗಿನ ಎತ್ತರದಲ್ಲಿ, ಒಳ್ಳೆಯ ಗಾಳಿ ಬರುವ ಕಡೆ ಕಟ್ಟಿದವು. ಮೈಸೂರಿನಲ್ಲಿ ಮಹಾರಾಜರ ಐರೋಪ್ಯ ಅತಿಥಿಗಳಿಗೆಂದು 1920ರ ಹೊತ್ತಿಗೆ ಮೆಟ್ರೊಪೋಲ್ ಆಯಿತು. 1921ರಲ್ಲಿ ಲಲಿತ ಮಹಲಿಗೆ ಅಡಿಗಲ್ಲು ಬಿತ್ತು. ಇವು ನಮ್ಮ ಮನೆಯವರಿಗೆ ಕಟ್ಟಿದವಲ್ಲ. ಆದರೆ ಒಬ್ಬರಿಗೋ ಇಬ್ಬರಿಗೋ ಒಂದು ಕೋಣೆ, ಮಂಚ, ಬಚ್ಚಲು, ತಂದುಕೊಡುವ ಊಟ ಎಂಬ ಪದ್ಧತಿ ಇಂಥ ಕಡೆ ಗಟ್ಟಿಯಾಯಿತು. ಊಟದ ಹೋಟೆಲು ನಡೆಸುತ್ತಿದ್ದವರು ಮೇಲೊಂದು ಮಹಡಿ ಎಬ್ಬಿಸಿ ಬೋರ್ಡಿಂಗ್ ಅಂಡ್ ಲಾಡ್ಜಿಂಗ್ ಎಂದು ಬೋರ್ಡು ಹಾಕಿದಾಗ ಅವರೂ ಅದೇ ಪದ್ಧತಿ ಹಿಡಿದರು. ಕೋರ್ಟು ಕಚೇರಿಗೆ ಬರುವವರು, ಮಾರಾಟದ ಏಜೆಂಟರು, ಗುತ್ತಿಗೆದಾರರು ಅವರ ಗಿರಾಕಿಗಳು. ಅವರೆಲ್ಲ ಒಂಟಿಯಾಗಿ ಇಲ್ಲವೇ ಇಬ್ಬರಾಗಿ ಬರುವವರು. ರೂಮಿನ ಅಳತೆ ಅವರದು.

1948ರಲ್ಲಿ ಮೈಸೂರು ಸರ್ಕಾರ ಬಸ್ ಸಂಚಾರವನ್ನು ತನ್ನ ಕೈಗೆ ತೆಗೆದುಕೊಂಡಿತು. ಆಮೇಲೆ ಹಳ್ಳಿ ಹಳ್ಳಿಗೆ ಬಸ್ಸು ಬಂತು. 1971ರಲ್ಲಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಹುಟ್ಟಿತು, ಮಯೂರ ಎಂಬ ಹೆಸರಿನ ಹೋಟೆಲುಗಳು ಎದ್ದವು. ಅಲ್ಲೂ ಹೆಚ್ಚಿನವು ಡಬಲ್ ರೂಮುಗಳೇ.

ಅತ್ತ ಛತ್ರಗಳು ಏನಾದವು? ಕಟ್ಟಿಸಿದವರು ಬಿಟ್ಟುಹೋದ ದುಡ್ಡಿನಲ್ಲಿ, ಜಮೀನಿನ ಗೇಣಿಯಲ್ಲಿ ನಡೆಯುತ್ತಿದ್ದ ಛತ್ರಗಳಿಗೆ ಸುಣ್ಣ ಬಳಿಸಲೂ ಕಷ್ಟವಾಯಿತು. ಪೇಟೆ ನಡುವಿನ ಜಾಗದ ಬೆಲೆ ಏರಿತು. ಕೆಲವು ಅಂಗಡಿ ಮಳಿಗೆಗಳಾದವು, ಕೆಲವು ಹಾಸ್ಟೆಲುಗಳಾದವು. ಉಳಿದವುಗಳಲ್ಲಿ ಒಂದೇ ದಿನಕ್ಕೆ ಒಳ್ಳೆಯ ಬಾಡಿಗೆ ಬರುವ ದಾರಿ ಎಂದರೆ ಮದುವೆ. ದೊಡ್ಡ ಹಜಾರ, ದೊಡ್ಡ ಅಡುಗೆ ಮನೆ, ಒಂದಷ್ಟು ಕೋಣೆ ಇದ್ದ ಕಟ್ಟಡ ಮದುವೆಗೆ ಹೇಳಿಮಾಡಿಸಿದ ಹಾಗಿತ್ತು. ಹೊಸದಾಗಿ ಕಟ್ಟಿದ ಮದುವೆ ಹಾಲುಗಳಿಗೂ ಜನ ಛತ್ರ ಎಂದೇ ಕರೆದರು. ಗುಂಪಾಗಿ ಬರುವ ದಾರಿಹೋಕರಿಗೆ ಇದ್ದ ಹಜಾರ ಹೀಗೆ ಕೈಬಿಟ್ಟಿತು.

ಹಾಗಾದರೆ ನಮ್ಮವರು ಎಲ್ಲಿ ಮಲಗಿದರು?

ಲಾಡ್ಜಿಗೆ ದುಡ್ಡಿಲ್ಲ, ಛತ್ರ ಇಲ್ಲ. ಹಳ್ಳಿಯವರು ತಮ್ಮದೇ ದಾರಿ ಮಾಡಿಕೊಂಡರು. ಪೇಟೆಯಲ್ಲಿ ನೆಲೆಸಿದ ನೆಂಟರ ಮನೆ ಮೊದಲನೆಯದು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಚಿಕ್ಕಮ್ಮ ಹತ್ತು ಜನಕ್ಕೆ ಚಾಪೆ ಹಾಸಿದ ಕಥೆ ಯಾವ ಊರಿನಲ್ಲಿ ಇಲ್ಲ? ಎರಡನೆಯದು, ಊರಿನ ಹುಡುಗ ಓದುತ್ತಿದ್ದ ಹಾಸ್ಟೆಲ್ ರೂಮು. ಮೂರನೆಯದು, ಬೆಂಗಳೂರಿನ ಶಾಸಕರ ಭವನ. ಆಸ್ಪತ್ರೆಗೋ ಕಚೇರಿಗೋ ಬಂದ ಕ್ಷೇತ್ರದ ಜನ ತಮ್ಮ ಎಂ.ಎಲ್.ಎ. ಕೋಣೆಯಲ್ಲಿ ಜಾಗ ಹುಡುಕುವುದು ಇವತ್ತಿಗೂ ಇದೆ. ಇದ್ಯಾವುದೂ ಇಲ್ಲದಿದ್ದರೆ ಬಸ್ ಸ್ಟ್ಯಾಂಡು, ರೈಲ್ವೆ ಪ್ಲಾಟ್‌ಫಾರಂ.

ಈ ಎಲ್ಲ ದಾರಿಗೂ ಒಂದು ಪರಿಚಯ ಬೇಕು. ನೆಂಟರೋ, ಜಾತಿಯವರೋ, ಪಕ್ಷದವರೋ ಇರಬೇಕು. ಯಾರೂ ಇಲ್ಲದ ಮನೆಯವರು ದಸರಾ ನೋಡಿ ಅದೇ ರಾತ್ರಿ ವಾಪಸ್ ಬಂದರು, ಇಲ್ಲವೇ ಹೊರಡಲೇ ಇಲ್ಲ.

ಈಗ ಏನು ಮಾಡಬಹುದು

ನಮಗೆ ಬೇಕಾದದ್ದು ಎರಡೂ. ಛತ್ರದ ಹಜಾರವೂ ಬೇಕು, ಜಾತಿ ಕೇಳದ ಬಾಗಿಲೂ ಬೇಕು. ದುಡ್ಡು ಕೊಟ್ಟು ಉಳಿಯುವವರಿಗೆ ಈಗ ಒಂದಷ್ಟು ದಾರಿಗಳಿವೆ. ಪೇಟೆಯ ಹೊರವಲಯದಲ್ಲಿ ಇಡೀ ಮನೆಯನ್ನೇ ದಿನದ ಬಾಡಿಗೆಗೆ ಕೊಡುವವರು, ಹೋಂಸ್ಟೇಗಳು, ಅಡುಗೆ ಮನೆ ಇರುವ ಸರ್ವಿಸ್ ಅಪಾರ್ಟ್‌ಮೆಂಟುಗಳು, ಡಾರ್ಮಿಟರಿಗಳು. ಮದುವೆ ಮುಹೂರ್ತ ಇಲ್ಲದ ದಿನಗಳಲ್ಲಿ ಕಲ್ಯಾಣ ಮಂಟಪದ ಕೋಣೆಗಳನ್ನು ಕೊಡುವವರೂ ಇದ್ದಾರೆ. ಹನ್ನೊಂದು ಜನಕ್ಕೆ ಮೂರು ಕೋಣೆ, ಒಂದು ಹಾಲಿನ ಮನೆ ಸಿಕ್ಕರೆ ಆರು ರೂಮುಗಳಿಗಿಂತ ಕಡಿಮೆಯಲ್ಲಿ ಮುಗಿಯುವ ಸಾಧ್ಯತೆ ಹೆಚ್ಚು.

ಅಡ್ವಾನ್ಸ್ ಹಾಕುವ ಮೊದಲು ಫೋನಿನಲ್ಲಿ ಇಷ್ಟು ಕೇಳಿ. ಬಾಡಿಗೆ ಇಡೀ ಮನೆಗೋ, ತಲೆಗೆ ಇಷ್ಟು ಎಂದೋ? ಬಚ್ಚಲು, ಪಾಯಿಖಾನೆ ಎಷ್ಟು? ಹತ್ತು ಜನ ಬೆಳಿಗ್ಗೆ ಒಟ್ಟಿಗೆ ಹೊರಡಬೇಕಾದಾಗ ಕೋಣೆಗಿಂತ ಇದೇ ಮುಖ್ಯ. ವಯಸ್ಸಾದವರಿಗೆ ನೆಲಮಹಡಿ ಇದೆಯೋ, ಲಿಫ್ಟ್ ಇದೆಯೋ? ಚೆಕ್‌ಔಟ್ 24 ಗಂಟೆಯ ಲೆಕ್ಕವೋ, ಮಧ್ಯಾಹ್ನ 12ರ ಲೆಕ್ಕವೋ? ಮಧ್ಯಾಹ್ನದ ಲೆಕ್ಕವಾದರೆ ಬೆಳಗಿನ ಜಾವ ಐದಕ್ಕೆ ಹೋಗಿ ಇಳಿದವರಿಗೆ ಒಂದು ದಿನದ ಬಾಡಿಗೆ ಸುಮ್ಮನೆ ಬೀಳಬಹುದು. ಅಡುಗೆ ಮಾಡಿಕೊಳ್ಳಲು ಬಿಡುತ್ತಾರೋ? ಟಿ.ಟಿ. ನಿಲ್ಲಿಸಲು ಜಾಗ, ಡ್ರೈವರ್ ಮಲಗಲು ಜಾಗ ಇದೆಯೋ? ದೊಡ್ಡವರೆಲ್ಲರ ಗುರುತಿನ ಚೀಟಿ ಕೇಳುತ್ತಾರೆ, ಅಜ್ಜಿಯದನ್ನೂ ಮರೆಯದೆ ಇಟ್ಟುಕೊಳ್ಳಿ. ಕಳಿಸಿದ ದುಡ್ಡಿಗೆ ಮೆಸೇಜಾದರೂ ಬರೆಸಿಕೊಳ್ಳಿ.

ಗುರುತಿನ ಚೀಟಿ ಕೇಳುವುದು ಸರಿ. ಜಾತಿ ಕೇಳುವುದು ಸರಿಯಲ್ಲ. 'ನಿಮ್ಮದು ಯಾವ ಜನ?', 'ಮಾಂಸ ತಿನ್ನುವವರಾ?' ಎಂದು ಸುತ್ತಿ ಬಳಸಿ ಜಾತಿ ಹುಡುಕುವ ಮನೆ ಮಾಲೀಕರು ಈಗಲೂ ಸಿಗುತ್ತಾರೆ. ಒಳಗೆ ಮಾಂಸದ ಅಡುಗೆ ಬೇಡ ಎಂದು ಒಬ್ಬರು ಹೇಳಬಹುದು. ಆದರೆ ಹಣ ಪಡೆದು ಪ್ರವಾಸಿಗರನ್ನು ಇರಿಸಿಕೊಳ್ಳುವವರು ಜಾತಿ ನೋಡಿ ಬಾಗಿಲು ಹಾಕುವ ಹಾಗಿಲ್ಲ. ಹಾಗೆ ಹಾಕಿದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು.

ಇನ್ನೊಂದು ಮಾತು ಸರ್ಕಾರಕ್ಕೆ, ನಗರ ಪಾಲಿಕೆಗಳಿಗೆ. ದಸರಾ ಸಮಯದಲ್ಲಿ ಶಾಲೆಗಳಿಗೆ ರಜೆ. ಸಮುದಾಯ ಭವನಗಳು ಊರ ತುಂಬ ಇವೆ. ನೀರು, ಪಾಯಿಖಾನೆ, ಕಾವಲು, ಹೆಂಗಸರಿಗೆ ಬೇರೆ ಹಾಲು ಇಷ್ಟು ಮಾಡಿ, ತಲೆಗೆ ಇಷ್ಟು ಎಂದು ಸಣ್ಣ ಬಾಡಿಗೆ ಇಟ್ಟರೂ ಹಳ್ಳಿಯವರು ಕೊಡುತ್ತಾರೆ. ಹಬ್ಬಕ್ಕೆ ದೀಪ ಹಾಕಲು ದುಡ್ಡಿದೆ ಎಂದಮೇಲೆ, ಆ ದೀಪ ನೋಡಲು ಬಂದವರು ಫುಟ್‌ಪಾತಿನಲ್ಲಿ ಮಲಗಬಾರದು.

ನಿಮ್ಮ ತಾಲ್ಲೂಕು ಪೇಟೆಯಲ್ಲಿ ಹಳೆಯ ಛತ್ರ ಇದ್ದರೆ ಹೋಗಿ ನೋಡಿ. ಅದರ ಗೋಡೆಯಲ್ಲಿ ಕಲ್ಲು ಇದ್ದರೆ ಕಟ್ಟಿಸಿದವರ ಹೆಸರು, ಇಸವಿ ಓದಿ. ಅಲ್ಲಿ ಯಾರು ಇಳಿಯುತ್ತಿದ್ದರು, ಯಾರನ್ನು ಒಳಗೆ ಬಿಡುತ್ತಿರಲಿಲ್ಲ ಎಂದು ಎಂಬತ್ತು ದಾಟಿದವರನ್ನು ಕೇಳಿ. ಅವರು ಹೇಳಿದ್ದನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ ಇಡಿ. ಕಲ್ಲಿನಲ್ಲಿ ಕಟ್ಟಿಸಿದವರ ಹೆಸರು ಇರುತ್ತದೆ, ಹೊರಗೆ ಉಳಿದವರ ವಿಷಯ ಇರುವುದು ಈ ಹಿರಿಯರ ನೆನಪಿನಲ್ಲಿ ಮಾತ್ರ.